ವೀಲ್‌ಚೇರ್‌ಗೆ ಹಿನ್ನೀರು ದೂರವಲ್ಲ

ತಪ್ಪು ಕಲ್ಪನೆ: ಹಿನ್ನೀರು ಅಂದರೆ ದೋಣಿ, ದೋಣಿ ಅಂದರೆ ಹಾರಿ ಹತ್ತಬೇಕು. ವೀಲ್‌ಚೇರ್‌ನಲ್ಲಿರುವವರಿಗೆ, ಮಂಡಿನೋವಿನ ಅಜ್ಜಿಗೆ ದಡವೇ ಗತಿ.

ಸತ್ಯ: ಕೊಚ್ಚಿಯ ಮಟ್ಟಿಗೆ ಈ ಮಾತು 2023ರ ಏಪ್ರಿಲ್‌ಗೇ ಹಳತಾಯಿತು. ಆಗ ಶುರುವಾದ ವಾಟರ್ ಮೆಟ್ರೋದ ಜೆಟ್ಟಿಗಳು ನೀರಿನ ಮೇಲೆ ತೇಲುತ್ತವೆ. ಉಬ್ಬರ ಬಂದಾಗ ದೋಣಿಯೂ ಜೆಟ್ಟಿಯೂ ಒಟ್ಟಿಗೆ ಏರುತ್ತವೆ, ಇಳಿತಕ್ಕೆ ಒಟ್ಟಿಗೆ ಇಳಿಯುತ್ತವೆ. ಎರಡರ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಕುರ್ಚಿಯನ್ನು ಯಾರೂ ಎತ್ತಬೇಕಿಲ್ಲ, ತಳ್ಳಿಕೊಂಡೇ ಒಳಗೆ ಹೋಗಬಹುದು. ಹಳೆಯ ಕಲ್ಲುಕಟ್ಟೆಗಳ ತೊಡಕೇ ಇದು: ಕಟ್ಟೆ ಕದಲುವುದಿಲ್ಲ, ನೀರು ಮಾತ್ರ ದಿನಕ್ಕೆರಡು ಬಾರಿ ಏರಿಳಿಯುತ್ತದೆ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಈ ದೋಣಿಗಳು ಬ್ಯಾಟರಿಯಲ್ಲಿ ಓಡುವಾಗ ಡೀಸೆಲ್ ಎಂಜಿನ್ನಿನ ಗದ್ದಲವೂ ಇರುವುದಿಲ್ಲ. ಸದ್ದು ತಾಳಲಾರದ ಆಟಿಸಂ ಮಕ್ಕಳ ತಂದೆತಾಯಿಗೆ ಅದೆಷ್ಟು ದೊಡ್ಡ ನೆಮ್ಮದಿ! ವೈಟ್ಟಿಲದಲ್ಲಿ ಮೆಟ್ರೋ ರೈಲು ಇಳಿದು, ಪಕ್ಕದಲ್ಲೇ ಕಾಕ್ಕನಾಡಿನ ದೋಣಿ ಹತ್ತಿ. ಸ್ವಲ್ಪ ಹೊತ್ತಿಗೆಲ್ಲ ಎರಡೂ ದಡ ಹಸಿರಾಗುತ್ತವೆ.

ತಪ್ಪು ಕಲ್ಪನೆ: ರ‍್ಯಾಂಪ್ ಇದೆಯಲ್ಲ, ಇನ್ನೇನು?

ಸತ್ಯ: ರ‍್ಯಾಂಪ್‌ಗೂ ಲೆಕ್ಕವಿದೆ, 1:12. ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಜಾಗವಿಲ್ಲವೆಂದು ಅರ್ಧಕ್ಕೇ ಮುಗಿಸಿದರೆ ಕುರ್ಚಿ ಹಿಂದಕ್ಕೆ ವಾಲುತ್ತದೆ, ಅಪಾಯ. ಅಲ್ಲದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ ಅಂಗವೈಕಲ್ಯಗಳು 21 ಬಗೆ. ಕಿವಿ ಕೇಳದವರಿಗೆ ರ‍್ಯಾಂಪ್‌ನಿಂದೇನು ಪ್ರಯೋಜನ?

ತಪ್ಪು ಕಲ್ಪನೆ: ಕಣ್ಣು ಕಾಣದವರು ಪ್ರವಾಸಕ್ಕೆ ಹೋಗಿ ಏನು ನೋಡುತ್ತಾರೆ?

ಸತ್ಯ: ಮನೆಯವರೇ ಹೀಗೆ ಕೇಳಿದಾಗ ಸಂಕಟವಾಗುತ್ತದೆ. ತಿರುವನಂತಪುರದ ವೇಳಿಯಲ್ಲಿ ಕೆರೆ ಕಡಲನ್ನು ಸೇರುವ ಕಡೆ, ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದ ಶಿಲ್ಪಿ ಕಾನಾಯಿ ಕುಂಞಿರಾಮನ್ ಮಾಡಿದ ದೊಡ್ಡ ಶಂಖ ಬಯಲಲ್ಲೇ ಇದೆ. ಅದರ ತಿರುವು, ಉಬ್ಬು ಅಂಗೈಗೆ ತಿಳಿಯುವಂಥವು. ಉಪ್ಪುಗಾಳಿ, ಅಲೆಯ ಮೊರೆತಕ್ಕೆ ಕಣ್ಣು ಬೇಕಿಲ್ಲ. ಆದರೆ ಮರಳಿನ ವಿಷಯದಲ್ಲಿ ಎಚ್ಚರ: ಸಾಮಾನ್ಯ ವೀಲ್‌ಚೇರ್‌ನ ತೆಳುಗಾಲಿ ಅದರಲ್ಲಿ ಹೂತುಹೋಗುತ್ತದೆ.

ತಪ್ಪು ಕಲ್ಪನೆ: ಹೋಂಸ್ಟೇಯವರು ಫೋನಿನಲ್ಲಿ "ಎಲ್ಲ ಅನುಕೂಲವೂ ಇದೆ" ಅಂದರೆ ಸಾಕು.

ಸತ್ಯ: ಅವರು ಸುಳ್ಳು ಹೇಳುತ್ತಿಲ್ಲ, ಅಳೆದು ನೋಡಿಲ್ಲ ಅಷ್ಟೆ. ಬಾತ್‌ರೂಮಿನ ಬಾಗಿಲು 90 ಸೆಂ.ಮೀ. ತೆರೆಯುತ್ತದೆಯೇ, ಹೊಸ್ತಿಲು ಎಷ್ಟು ಎತ್ತರ, ಕಮೋಡ್ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆಯೇ ಎಂದು ಕೇಳಿ. ಟೇಪು ಹಿಡಿದು ಫೋಟೊ ತೆಗೆದು ವಾಟ್ಸಾಪ್ ಮಾಡಲು ಹೇಳಿ, ಆಮೇಲೆ ಮುಂಗಡ ಕಳಿಸಿ.