ಐದು ಗಂಟೆಯಲ್ಲ, ಐದನೆಯ ಗಂಟೆ

ಅರಬ್ಬಿ ಕಲಿಯುವವರನ್ನು ಗಡಿಯಾರದ ಪಾಠ ತಡವರಿಸುವಂತೆ ಮಾಡುತ್ತದೆ. ಗಂಟೆಗೂ ಗಡಿಯಾರಕ್ಕೂ ‘ಸಾಅ’ ಎಂಬ ಒಂದೇ ಪದ. ಶಿಷ್ಟ ಅರಬ್ಬಿಯಲ್ಲಿ ಐದು ಗಂಟೆ ಎಂದರೆ ‘ಅಸ್ಸಾಅ ಅಲ್‌ಖಾಮಿಸ’, ಐದನೆಯ ಗಂಟೆ. ಇದನ್ನು ಬರೀ ವ್ಯಾಕರಣವೆಂದು ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಇದರಲ್ಲಿ ಮುಳ್ಳಿನ ಗಡಿಯಾರಕ್ಕಿಂತ ಹಳೆಯ ಲೆಕ್ಕವೊಂದು ಉಳಿದಿದೆ. ಹಿಂದೆ ಹಗಲಿಗೆ ಹನ್ನೆರಡು ಪಾಲು, ಇರುಳಿಗೆ ಹನ್ನೆರಡು ಪಾಲು. ಗಂಟೆಯೆಂದರೆ ಆ ಸಾಲಿನಲ್ಲಿ ಎಷ್ಟನೆಯದು ಎಂಬುದೇ ಮುಖ್ಯ. ಬೇಸಿಗೆಯಲ್ಲಿ ಹಗಲಿನ ಗಂಟೆ ಹಿಗ್ಗುತ್ತಿತ್ತು, ಚಳಿಗಾಲದಲ್ಲಿ ಕುಗ್ಗುತ್ತಿತ್ತು. ಅಲ್‌ಜಝರಿ ಎಂಬ ಯಂತ್ರತಜ್ಞ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ವರ್ಣಿಸಿರುವ ಕೋಟೆಯಾಕಾರದ ನೀರ್ಗಡಿಯಾರದಲ್ಲಿ, ಹಗಲಿನ ಉದ್ದಕ್ಕೆ ತಕ್ಕಂತೆ ನೀರಿನ ಹರಿವನ್ನು ಬದಲಿಸುವ ಏರ್ಪಾಡೇ ಇದೆ.

ಇನ್ನೂ ಹಿಂದಕ್ಕೆ ಹೋದರೆ, ಒಂಬತ್ತನೆಯ ಶತಮಾನದ ಬುಖಾರಿ ಸಂಗ್ರಹದ ಒಂದು ಹದೀಸು (ಪ್ರವಾದಿವಚನ), ಶುಕ್ರವಾರ ಮಸೀದಿಗೆ ಬರುವವರನ್ನು ಎರಡನೆಯ ಗಂಟೆ, ಮೂರನೆಯ ಗಂಟೆ ಎಂದು ಐದರವರೆಗೆ ಸಾಲಾಗಿ ಹೆಸರಿಸುತ್ತದೆ. ಅಲ್ಲಿ ‘ಸಾಅ’ ಅಂದರೆ ಹೊತ್ತು ಅಷ್ಟೇ, ಅಳೆದ ಗಂಟೆಯಲ್ಲ ಎಂಬ ಆಕ್ಷೇಪ ಬಲವಾದದ್ದೇ. ಅವು ಮಧ್ಯಾಹ್ನದ ಆಚೀಚಿನ ಸಣ್ಣ ಹೊತ್ತುಗಳೆಂದೇ ಧರ್ಮಶಾಸ್ತ್ರಜ್ಞ ಇಮಾಮ್ ಮಾಲಿಕ್ ತಿಳಿದಿದ್ದರು. ಆದರೆ ಚರ್ಚೆಯಿರುವುದು ಉದ್ದದ ಬಗ್ಗೆ, ಸರದಿಯ ಬಗ್ಗೆ ಅಲ್ಲ. ನನ್ನ ವಾದಕ್ಕೆ ಸರದಿಯೇ ಸಾಕು. ನಿಮಿಷಕ್ಕೆ ‘ದಖೀಕ’, ಸೆಕೆಂಡಿಗೆ ‘ಸಾನಿಯ’ ಎಂಬ ಪದಗಳೂ ಗಡಿಯಾರದ ಅಂಗಡಿಯಿಂದ ಬಂದವಲ್ಲ. ಅಲ್‌ಬಿರೂನಿಯಂಥ ಖಗೋಳಜ್ಞರು ಸಾವಿರದ ಇಸವಿಯ ಸುಮಾರಿಗೇ ಗಂಟೆಯನ್ನು ಅರವತ್ತರ ಲೆಕ್ಕದಲ್ಲಿ ಒಡೆದು ಅಮಾವಾಸ್ಯೆಯನ್ನು ಗಣಿಸುತ್ತಿದ್ದರು. ಎಣಿಕೆ ಶುರುವಾಗುವ ಜಾಗ ಮಾತ್ರ ಬಹಳ ಕಾಲ ಬೇರೆಯಿತ್ತು: ಸೂರ್ಯ ಮುಳುಗಿದಾಗ ಹನ್ನೆರಡು. ಒಟ್ಟೊಮನ್ನರ ನಾಡಿನಲ್ಲೂ ಹೀಗೆಯೇ ನಡೆದಿತ್ತು. ತುರ್ಕಿಯೆ ಅದನ್ನು ಬಿಟ್ಟದ್ದು 1926ರಲ್ಲಿ. ಗುರುವಾರದ ಸಂಜೆ ಕಳೆದ ಇರುಳನ್ನು ಅರಬ್ಬಿಯಲ್ಲಿ ಇಂದಿಗೂ ಶುಕ್ರವಾರದ ರಾತ್ರಿ ಎನ್ನುವುದಕ್ಕೆ ಬೇರು, ಸೂರ್ಯ ಮುಳುಗಿದಾಗಿನಿಂದ ದಿನ ಎಣಿಸುವ ಈ ರೂಢಿಯಲ್ಲೇ ಇದೆ.

ಆಡುಮಾತಿನಲ್ಲಿ ‘ಐದನೆಯ’ ಹೋಗಿ ‘ಖಂಸ’, ಬರೀ ಐದು, ಉಳಿದಿದೆಯಲ್ಲ ಎನ್ನಬಹುದು. ನಿಜ, ಶಿಷ್ಟ ರೂಪದಲ್ಲೂ ಒಂದು ಗಂಟೆಗೆ ‘ವಾಹಿದ’ ಎಂಬ ಎಣಿಕೆಯ ಪದವೇ ಬಂದು ಕೂತಿದೆ. ಆದರೆ ಗಂಟೆಯನ್ನು ಪಾಲು ಮಾಡುವ ಬಗೆ ಬೀದಿಯಲ್ಲೂ ಬಿಗಿಯಾಗಿದೆ. ನಮ್ಮ ಕಾಲು, ಅರೆ ಅಲ್ಲಿಯೂ ಉಂಟು. ಜೊತೆಗೆ ಇಪ್ಪತ್ತು ನಿಮಿಷಕ್ಕೆ ‘ಸುಲುಸ್’, ಮೂರನೆಯ ಒಂದು ಪಾಲು. ನಮ್ಮ ನಾಲ್ಕೂಮುಕ್ಕಾಲು ಅವರಿಗೆ ‘ಐದಕ್ಕೆ ಕಾಲು ಕಡಿಮೆ’. ಕೈರೋದಲ್ಲಿ ಐದು ಇಪ್ಪತ್ತೈದನ್ನು ‘ಐದೂವರೆಗೆ ಐದು ಕಡಿಮೆ’ ಎನ್ನುತ್ತಾರೆ. ಕರಾವಳಿಯಿಂದ ಕೊಲ್ಲಿ ನಾಡುಗಳಿಗೆ ಕೆಲಸಕ್ಕೆ ಹೋಗುವವರು ‘ಇಲ್ಲಾ’ ಎಂಬ ಕಡಿಮೆಯ ಪದವನ್ನೂ ಈ ಪಾಲುಗಳನ್ನೂ ಮೊದಲು ಕಲಿಯಲಿ. ಅರವತ್ತರವರೆಗಿನ ಎಣಿಕೆ ಆಮೇಲೆ ಬಂದರೂ ನಡೆಯುತ್ತದೆ.