ಮರೆವೋ, ನಿಧಾನವೋ?

ಕಳೆದ ಚಳಿಗಾಲದಲ್ಲಿ ಅತ್ತೆಯವರು ಅಬು ಹಮೂರಿನ ನಮ್ಮ ಮನೆಯಲ್ಲಿ ಮೂರು ತಿಂಗಳು ತಂಗಿದ್ದರು. ವಯಸ್ಸು 78. ಊರಿನ ಬ್ಯಾಂಕಿನ ವ್ಯವಹಾರಕ್ಕಾಗಿ ಮೊಬೈಲಿಗೆ ಬರುತ್ತಿದ್ದ ಒಟಿಪಿಯನ್ನು ಅವರು ಓದಿ ಒತ್ತುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ಎರಡು ಸಲ ಹೀಗಾದಾಗ ನಮ್ಮವರು, "ಅಮ್ಮನಿಗೆ ಮರೆವು ಬಂದಿದೆ. ಇನ್ನು ಒಬ್ಬಳನ್ನೇ ಬಿಡುವಂತಿಲ್ಲ, ಕೋಲಾರದ ಮನೆ ಮಾರಿಬಿಡೋಣ" ಎಂದರು. ನಾನೂ ತಲೆಯಾಡಿಸಿದೆ. ಅದೇ ಸಂಜೆ ಅತ್ತೆಯವರು ಪಂಚಾಂಗವಿಲ್ಲದೆ, ಬೆರಳು ಮಡಿಸುತ್ತ, ಮಾವನವರ ಶ್ರಾದ್ಧದ ತಿಥಿ ಎಂದು ಬೀಳುವುದೆಂದು ಹೇಳಿದರು. ತಡವಾಯಿತು; ತಪ್ಪಾಗಲಿಲ್ಲ.

ಕಲಾ ಪದವೀಧರೆಯಾದ ನಾನು ಓದಿ ತಿಳಿದಷ್ಟನ್ನು ಮಾತ್ರ ಹೇಳಬಲ್ಲೆ. ಆಲೋಚನೆಯ ವೇಗವು ಯೌವನದಲ್ಲೇ ಮೆಲ್ಲಗೆ ಇಳಿಯತೊಡಗುತ್ತದೆ. ನರತಂತುಗಳನ್ನು ಹೊದ್ದಿರುವ ಮೈಲಿನ್ ಎಂಬ ಪೊರೆ ಶಿಥಿಲವಾಗುವುದು ಅದಕ್ಕೊಂದು ಕಾರಣ. ಶಬ್ದಸಂಪತ್ತು, ಲೋಕಜ್ಞಾನಗಳಾದರೋ ಅರವತ್ತರ ಆಚೆಗೂ ಉಳಿದು ಬರುತ್ತವೆ. ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು 56ರ ನನಗೂ ಉಂಟು. ಅದಕ್ಕಾಗಿ ಯಾರೂ ನನ್ನ ಮನೆ ಮಾರಲು ಹೊರಟಿಲ್ಲ!

ಅತ್ತೆಯವರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿಯೇ ಈ ವಿಷಯದ ದೊಡ್ಡ ಅಧ್ಯಯನವೊಂದು 2018ರಲ್ಲಿ ಆರಂಭವಾಯಿತು. ನಡೆಸುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. 45 ದಾಟಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವುದು ಗುರಿ. ಅಕ್ಷರ ಕಲಿಯದ ಅಜ್ಜಿಯನ್ನೂ ಕಾಲೇಜು ಓದಿದ ಮೊಮ್ಮಗನನ್ನೂ ಒಂದೇ ದಿನ ಕೂರಿಸಿ ಅಳೆದರೆ, ವಯಸ್ಸಿನೊಡನೆ ಶಾಲೆಯ ಅಂತರವೂ ಅಳತೆಯಲ್ಲಿ ಸೇರಿಬಿಡುತ್ತದೆ. ಅಜ್ಜಿಯನ್ನು ಆಕೆಯ ಹಿಂದಿನ ವರ್ಷಗಳೊಡನೆಯೇ ಹೋಲಿಸುವುದು ನ್ಯಾಯ.

ಸಮ್ಮೇಳನಕ್ಕೆ ಆಗಮಿಸಿರುವ ತಮ್ಮಲ್ಲಿ ಅನೇಕರು ತಂದೆತಾಯಿಯರನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕಾಣುವವರು. ನಡುವಿನ ದಿನಗಳು ನಮಗೆ ಕಾಣವು. ಆದುದರಿಂದ ಗಾಬರಿಯೂ ಬೇಗ, ಉದಾಸೀನವೂ ಬೇಗ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನಿಸುವುದು ಸಾಮಾನ್ಯ. ನಲವತ್ತು ವರ್ಷ ಮಾಡಿದ ಸಾರಿನ ಬಗೆಯೇ ತೋಚದಿದ್ದರೆ, ಪರಿಚಿತ ಬೀದಿಯಲ್ಲಿ ದಾರಿ ತಪ್ಪಿದರೆ, ವೈದ್ಯರನ್ನು ಕಾಣಲೇಬೇಕು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕಿವಿಮಂದ ಇವೂ ಮರೆವಿನ ವೇಷದಲ್ಲಿ ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ.

ಅತ್ತೆಯವರಿಗೂ ಪರೀಕ್ಷೆ ಮಾಡಿಸಿದೆವು. ಬಿ12 ಕಡಿಮೆಯಿತ್ತು, ಕನ್ನಡಕದ ನಂಬರು ಬದಲಾಗಿತ್ತು. ಯುಗಾದಿಗೆ ಮುಂಚೆ ಅವರು ಊರಿಗೆ ಮರಳಿದರು. ಮನೆ ಮಾರುವ ಮಾತನ್ನು ನಮ್ಮವರು ಮತ್ತೆ ಎತ್ತಿಲ್ಲ. ಶುಕ್ರವಾರ ಬೆಳಗ್ಗೆ ಫೋನಿನಲ್ಲಿ ಪ್ರಶ್ನೆ ಕೇಳಿದ ಮೇಲೆ, ಅಮ್ಮ ಉತ್ತರ ಹೇಳುವತನಕ ಕಾಯುವುದನ್ನು ಈಗೀಗ ಕಲಿಯುತ್ತಿದ್ದಾರೆ.