ಧಮನಿಯೊಳಗಣ ಔಷಧಲೇಪ

ಹೊಸೂರು, ಡೆಂಕಣಿಕೋಟೆಗಳ ಕಡೆಯಿಂದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿಬಂದವರು 'ಸ್ಟೆಂಟ್ ಹಾಕಿದ್ದಾರೆ' ಎನ್ನುವುದನ್ನು ಅಧ್ಯಾಪಕ ಬಂಧುಗಳು ಕೇಳಿರಬಹುದು. ಕಟ್ಟಿಕೊಂಡ ಧಮನಿಯನ್ನು ತೆರೆದಿಡುವ ಲೋಹದ ಸಣ್ಣ ಜಾಲನಳಿಕೆಯೇ ಸ್ಟೆಂಟ್. ಅದರ ಮೇಲಣ ಮದ್ದಿನ ಲೇಪವು ಕೆಡದೆ ಉಳಿಯುವ ಬಗೆಯನ್ನಷ್ಟೇ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಬರಿಯ ಲೋಹದ ನಳಿಕೆಯನ್ನಿಟ್ಟಾಗ ನೂರರಲ್ಲಿ ಸುಮಾರು 20ರಿಂದ 30 ಮಂದಿಗೆ ಕೆಲವೇ ತಿಂಗಳಲ್ಲಿ ಧಮನಿ ಮತ್ತೆ ಕಿರಿದಾಗುತ್ತಿತ್ತು. ಗಾಯ ಮಾಯುವಾಗ ನಾಳದ ಗೋಡೆಯ ಜೀವಕೋಶಗಳು ಮಿತಿಮೀರಿ ಬೆಳೆಯುವುದೇ ಇದಕ್ಕೆ ಕಾರಣ. ಆ ಬೆಳವಣಿಗೆಯನ್ನು ತಡೆಯುವ ಸಿರೋಲಿಮಸ್ ದೊರೆತದ್ದು ದೂರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ. ಅದನ್ನು ಬೇರ್ಪಡಿಸಿದವರಲ್ಲಿ ಪ್ರಮುಖರು ಭಾರತೀಯ ಮೂಲದ ಸುರೇಂದ್ರನಾಥ ಸೆಹಗಲ್. 1999ರಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿ ಈ ಮದ್ದು ಲೇಪಿಸಿದ ನಳಿಕೆಯನ್ನು ಮೊದಲು ರೋಗಿಗಳಿಗೆ ಇಡಲಾಯಿತು.

ಲೇಪವೆಂದೊಡನೆ ಹಿತ್ತಾಳೆ ಪಾತ್ರೆಯ ಕಲಾಯಿ ನೆನಪಾಗುವುದು ಸಹಜ. ಕಲಾಯಿಯು ಹುಳಿಯನ್ನು ಲೋಹಕ್ಕೆ ತಗುಲಗೊಡದು, ಅಷ್ಟೆ. ಇಲ್ಲಿಯಾದರೋ ಪಾಲಿಮರಿನಲ್ಲಿ ಬೆರೆತ ಮದ್ದು ವಾರಗಟ್ಟಲೆ ಮೆಲ್ಲಮೆಲ್ಲನೆ ಒಸರಬೇಕು. ಮೊದಲ ಕಾಲದ ಸೈಫರ್ ನಳಿಕೆಯಲ್ಲಿ ಚದರ ಸೆಂಟಿಮೀಟರಿಗೆ ಇದ್ದದ್ದು 140 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಸುಮಾರು ಏಳು ಸಾವಿರದಲ್ಲೊಂದು ಪಾಲು. ಇಷ್ಟು ಅಲ್ಪವಾದುದು ಅಷ್ಟು ತೆಳುವಾಗಿ ಹರಡಿದಾಗ ಗಾಳಿಗೆ ತೆರೆದ ಮೈಯೇ ಹೆಚ್ಚು.

ಸಿರೋಲಿಮಸಿನ ಅಣುವಿನಲ್ಲಿ ಸಾಲಾಗಿ ಮೂರು ದ್ವಿಬಂಧಗಳಿವೆ; ಆಮ್ಲಜನಕ ಕೈಹಾಕುವುದು ಅಲ್ಲಿಯೇ. ನಮ್ಮ ಕಡಲೆಕಾಯಿ ಎಣ್ಣೆಗೆ ಕಮಟು ವಾಸನೆ ಬರುವುದೂ ಇದೇ ಬಗೆಯ ಕ್ರಿಯೆಯಿಂದ. ಕೆಟ್ಟ ಅಣು ನೆರೆಯದನ್ನೂ ಕೆಡಿಸುತ್ತ ಸರಪಳಿ ಬೆಳೆಯುತ್ತದೆ. ಆದುದರಿಂದ ಖಾದ್ಯತೈಲಗಳಿಗೆ ಬಳಸುವ ಬಿ.ಎಚ್.ಟಿ. ಎಂಬ ವಸ್ತುವನ್ನೇ ಮದ್ದಿಗೂ ಲೇಶಮಾತ್ರ ಸೇರಿಸುವುದುಂಟು. ಅದು ತಾನೇ ಮುಂದಾಗಿ ಉತ್ಕರ್ಷಣಗೊಂಡು ಸರಪಳಿಯನ್ನು ಕಡಿಯುತ್ತದೆ. ಅಡುಗೆಮನೆಯ ಉಪಾಯವೇ ಹೃದಯಕ್ಕೂ ಒದಗಿತೆಂದರೆ ವಿದ್ಯಾರ್ಥಿಗಳಿಗೆ ಬೇಗ ಹಿಡಿಸೀತು.

ರೋಗಾಣುಗಳನ್ನು ಕಳೆಯುವ ಹಂತ ಇನ್ನೂ ತೊಡಕಿನದು. ಹಬೆಯಲ್ಲಿಟ್ಟರೆ ಬಿಸಿಯೂ ತೇವವೂ ಮದ್ದನ್ನು ಕೆಡಿಸುತ್ತವೆ. ಗಾಮಾ ಕಿರಣವು ಅಣುಗಳನ್ನೇ ಒಡೆಯಬಲ್ಲದು. ಹೀಗಾಗಿ ಬಹುಮಟ್ಟಿಗೆ ಎಥಿಲೀನ್ ಆಕ್ಸೈಡ್ ಅನಿಲವನ್ನು ಆಶ್ರಯಿಸುತ್ತಾರೆ. ಅದಕ್ಕೂ ತುಸು ಬಿಸಿ, ತುಸು ತೇವ ಬೇಕಾದುದರಿಂದ ಅಳತೆ ತಪ್ಪುವಂತಿಲ್ಲ. ಬಳಿಕ ಗಾಳಿ ನುಸುಳದ ಲೋಹಪತ್ರದ ಚೀಲದಲ್ಲಿ, ಆಮ್ಲಜನಕವನ್ನು ಆದಷ್ಟು ಹೊರಗಿಟ್ಟು ಮುಚ್ಚುತ್ತಾರೆ. ಕೃಷ್ಣಗಿರಿಯ ತೋತಾಪುರಿ ಮಾವಿನ ತಿರುಳನ್ನು ಗಾಳಿಗೆ ಸೋಕದಂತೆ ತುಂಬುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಔಷಧಲೇಪಿತ ನಳಿಕೆಗೆ 29,600 ರೂಪಾಯಿಗಳ ಮಿತಿ ವಿಧಿಸಿದ ಮೇಲೆ ಇದು ಬಡವರಿಗೂ ತುಸು ಎಟುಕಿತು. ಆದರೆ ಕೆಟ್ಟ ಲೇಪವು ಬರಿಗಣ್ಣಿಗೆ ಕಾಣುವುದಿಲ್ಲ, ಎಣ್ಣೆಯಂತೆ ವಾಸನೆಯನ್ನೂ ಬೀರದು. ಚೀಲದ ಮೇಲೆ ಅಚ್ಚಾದ ಅವಧಿಯ ದಿನಾಂಕವೂ ಇಡಬೇಕಾದ ಉಷ್ಣತೆಯ ಮಿತಿಯೂ ನಮ್ಮ ಬೇಸಗೆಯ ನಾಡಿನಲ್ಲಿ ಬರಿಯ ಅಲಂಕಾರವಲ್ಲ.